ಹತ್ತಿಕಾಯಿ ಒಡೆಯುವುದನ್ನು ನೋಡಿದ್ದೀರಾ?

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಹುಡುಗರು ಸ್ವಲ್ಪ ಸರಿದು ಕೂತುಕೊಳ್ಳಿ, ಹಿಂದಿನವರಿಗೂ ಪರದೆ ಕಾಣಲಿ.

ಇಲ್ಲಿ ಯಾರ್ಯಾರ ಹೊಲದಲ್ಲಿ ಹತ್ತಿ ಇದೆ? ಕೈ ಎತ್ತಿ. ರಾಯಚೂರು ಸೀಮೆ ಅಲ್ವಾ, ಇಷ್ಟಾದರೂ ಇರಲೇಬೇಕು. ಈಗ ಇನ್ನೊಂದು ಪ್ರಶ್ನೆ. ಹತ್ತಿಕಾಯಿ ಒಡೆಯುವುದನ್ನು ಕಣ್ಣಾರೆ ನೋಡಿದವರು ಯಾರು? ಒಡೆದ ಕಾಯಿಯನ್ನಲ್ಲ, ಒಡೆಯುತ್ತಿರುವುದನ್ನು. ಒಂದು ಕೈಯೂ ಇಲ್ಲ. ಚಿಕ್ಕಂದಿನಿಂದ ಹತ್ತಿ ಬಿಡಿಸುತ್ತಾ ಬಂದ ನಮ್ಮ ಅವ್ವನೂ ನೋಡಿರಲಿಲ್ಲ.

ನಮ್ಮ ಕಣ್ಣಿಗೆ ಒಂದು ವೇಗ ಇದೆ. ತೀರಾ ಬೇಗ ಆಗುವುದೂ ಅದಕ್ಕೆ ಸಿಗುವುದಿಲ್ಲ, ತೀರಾ ನಿಧಾನಕ್ಕೆ ಆಗುವುದೂ ಸಿಗುವುದಿಲ್ಲ.

ಮೊದಲು ಬೇಗ ಆಗುವುದು. ಈ ವಿಡಿಯೋ ಮಂಡಾಳ ಭಟ್ಟಿಯಲ್ಲಿ ಮೊಬೈಲಿನಲ್ಲೇ ತೆಗೆದದ್ದು. ಕಾದ ಮರಳಿಗೆ ಅಕ್ಕಿ ಬಿತ್ತು, ಮಂಡಾಳ ಬಂತು. ಬರೀ ಕಣ್ಣಿಗೆ ಅಷ್ಟೇ. ಸ್ಲೋ ಮೋಷನ್‌ನಲ್ಲಿ ಫೋನು ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ಅದನ್ನು ಸೆಕೆಂಡಿಗೆ 30ರಂತೆ ಓಡಿಸಿದರೆ ಒಂದು ಸೆಕೆಂಡು ಎಂಟು ಸೆಕೆಂಡಾಗುತ್ತದೆ. ಈಗ ಈ ಮೂಲೆಯ ಕಾಳು ನೋಡಿ. ಸುಮ್ನೆ ಬಿದ್ದಿದೆ. ಹೊರಳಿತು. ಒಂದು ಮಗ್ಗುಲು ಉಬ್ಬಿತು. ಹಾಂ, ಪೂರ್ತಿ ಅರಳಿತು! ಒಳಗಿದ್ದ ಚೂರು ತೇವ ಆವಿಯಾಗಿ, ಬಿಸಿಗೆ ಮೆತ್ತಗಾದ ಪಿಷ್ಟವನ್ನು ಹಿಗ್ಗಿಸಿತು. ತಣ್ಣಗಾದಾಗ ಹಾಗೇ ಗಟ್ಟಿಯಾಯಿತು. ವಗ್ಗರಣಿಗೆ ಮಂಡಾಳವನ್ನು ನೀರಿಗೆ ಹಾಕಿದ ಕೂಡಲೇ ಹಿಂಡಿ ತೆಗೆಯುತ್ತೀರಲ್ಲ? ಆವಿ ಮಾಡಿಟ್ಟ ಸಣ್ಣ ಸಣ್ಣ ತೂತುಗಳಲ್ಲೇ ನೀರು ನುಗ್ಗುತ್ತದೆ. ತಡ ಮಾಡಿದರೆ ಗಂಜಿ. ಮಿರ್ಚಿಯ ಜೊತೆ ಗಂಜಿ ಯಾರು ತಿನ್ನುತ್ತಾರೆ?

ಈ ಆಟ ಹೊಸದೇನಲ್ಲ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವಾ ಅಂತ ಅಮೆರಿಕದಲ್ಲಿ ಚರ್ಚೆ ಇತ್ತು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ. ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ ಕಾಲು ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ಇನ್ನು ನಮ್ಮ ಹತ್ತಿಗೆ ಬರೋಣ. ಬಿರಿಯಲು ಬಂದಿದ್ದ ಒಂದು ಕಾಯಿ ಹುಡುಕಿ, ಎದುರಿಗೆ ಕೋಲು ನೆಟ್ಟು ಹಳೇ ಫೋನು ಕಟ್ಟಿದೆವು. ಮೊದಲ ದಿನ ಮಧ್ಯಾಹ್ನದೊಳಗೆ ಫೋನು ಬಿಸಿಯಾಗಿ ಬಂದ್ ಆಯಿತು. ನಮ್ಮ ಬಿಸಿಲು ಗೊತ್ತಲ್ಲ. ಆಮೇಲೆ ಮೇಲೊಂದು ಗೋಣಿಚೀಲದ ನೆರಳು ಮಾಡಿದೆವು. ಹತ್ತು ನಿಮಿಷಕ್ಕೊಂದು ಫೋಟೋ, ದಿನಕ್ಕೆ 12 ಗಂಟೆ, ನಾಲ್ಕು ದಿನ. ಒಟ್ಟು 288 ಫೋಟೋ. ಸೆಕೆಂಡಿಗೆ 24ರಂತೆ ಓಡಿಸಿದರೆ ಬರೀ 12 ಸೆಕೆಂಡು! ವಿಡಿಯೋ ತೋರಿಸುವವರು ಈ ಲೆಕ್ಕವನ್ನೂ ಹೇಳಬೇಕು. ಹೇಳದಿದ್ದರೆ ಅದು ಅರ್ಧ ಸುಳ್ಳು ಅಂತ ನನ್ನ ಅಭಿಪ್ರಾಯ.

ನೋಡಿ, ತುದಿಯಲ್ಲಿ ಸಣ್ಣ ಬಿರುಕು. ಸಿಪ್ಪೆ ಒಣಗುತ್ತಾ ಕುಗ್ಗುತ್ತಿದೆ, ಹೊಲಿಗೆ ಬಿಚ್ಚಿದ ಹಾಗೆ ಬಿಡುತ್ತಿದೆ, ಹಿಂದಕ್ಕೆ ಸುರುಳುತ್ತಿದೆ. ಒಳಗಿನ ಹತ್ತಿ ಒತ್ತಿಟ್ಟ ಹಾಸಿಗೆಯ ಹಾಗಿತ್ತು, ಈಗ ಉಬ್ಬುತ್ತಿದೆ. ಅದರ ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಉದ್ದಕ್ಕೆ ಬೆಳೆದ ಒಂದೇ ಒಂದು ಜೀವಕೋಶ. ಒಣಗಿದಾಗ ಆ ಕೊಳವೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಅದಕ್ಕೇ ನೂಲುವಾಗ ಎಳೆ ಎಳೆಯನ್ನು ಹಿಡಿದುಕೊಳ್ಳುತ್ತದೆ. ಇದು ಮೊಬೈಲಿಗೆ ಕಾಣದು, ಸೂಕ್ಷ್ಮದರ್ಶಕ ಬೇಕು.

ಈ ವಿಡಿಯೋ ಅವ್ವನಿಗೆ ತೋರಿಸಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡು ಸಲ ನೋಡಿ, "ಆ ಬಲಗಡಿ ತೊಳಿ ಯಾಕ ಬಿರೀಲಿಲ್ಲ?" ಅಂದಳು. ನಾನು ನಾಲ್ಕು ದಿನದ ಫೋಟೋ ಜೋಡಿಸಿದವನು, ಅದನ್ನು ಗಮನಿಸಿಯೇ ಇರಲಿಲ್ಲ. ಹೊಲಕ್ಕೆ ಹೋಗಿ ಆ ತೊಳೆ ಬಿಡಿಸಿದೆವು. ಒಳಗೆ ಗುಲಾಬಿ ಹುಳು.