ನೊಣದ ತಲೆಯೊಳಗಿನ ಗುಣಾಕಾರ

ಕೇಳುಗರಿಗೆ ನಮಸ್ಕಾರ.

ಪೇಪರು ಸುರುಳಿ ಸುತ್ತಿ ನೊಣ ಹೊಡೆಯಲು ಹೋಗಿ ಕಾಫಿ ಲೋಟ ಉರುಳಿಸಿದವರು ನಮ್ಮಲ್ಲಿ ಬಹಳ ಮಂದಿ. ಪೇಪರು ಬೀಳುವಷ್ಟರಲ್ಲಿ ನೊಣ ಎದುರು ಗೋಡೆಗೆ ಹೋಗಿ, ಏನೂ ಆಗದವರಂತೆ ಕಾಲು ಉಜ್ಜುತ್ತಾ ಕೂತಿರುತ್ತದೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣವಿದೆಯಲ್ಲ, ಅದರ ಮಿದುಳು ಒಂದು ಗಸಗಸೆ ಕಾಳಿನಷ್ಟೂ ಇಲ್ಲ. ಅಷ್ಟರಲ್ಲಿ ಅದು ಕೈ ಬರುತ್ತಿರುವುದನ್ನು ಕಾಣುವುದು ಹೇಗೆ? ಇವತ್ತು ಹೇಳಹೊರಟಿರುವುದು ಈ ಪ್ರಶ್ನೆಯ ಹಿಂದೆ ಬಿದ್ದವರ ಕತೆ.

ಪ್ರಶ್ನೆ ಕಾಣುವಷ್ಟು ಸುಲಭದ್ದಲ್ಲ. ಹಣ್ಣಿನ ನೊಣದ ಒಂದೊಂದು ಕಣ್ಣಿನಲ್ಲೂ ಸುಮಾರು 750 ಪುಟ್ಟ ಕಣ್ಣುಗಳಿವೆ. ಒಂದೊಂದೂ ನೋಡುವುದು ಆಕಾಶದ ಒಂದು ಚೂರನ್ನು ಮಾತ್ರ. ಅದಕ್ಕೆ ತಿಳಿಯುವುದು ಇಷ್ಟೇ: ಬೆಳಕು ಹೆಚ್ಚಿತು, ಇಲ್ಲವೇ ತಗ್ಗಿತು. ಯಾವ ಕಡೆಯಿಂದ ಯಾವ ಕಡೆಗೆ ಎಂಬುದು ಅದಕ್ಕೆ ಗೊತ್ತಿಲ್ಲ. ಬಾಗಿಲ ಕಿಂಡಿಯಲ್ಲಿ ಒಂದು ಕಣ್ಣಿಟ್ಟು ಬೀದಿ ನೋಡಿದಂತೆ. ಯಾರೋ ಹಾದುಹೋದರು ಎನ್ನಬಹುದು, ಪೇಟೆ ಕಡೆಗೋ ಕೆರೆ ಕಡೆಗೋ ಹೇಳಲಾಗದು.

ಎರಡು ಮನೆಗಳ ಕಿಂಡಿಯಲ್ಲಿ ಇಬ್ಬರು ಕೂತರೆ? ಮೊದಲು ಈ ಮನೆಯವನು ಕೂಗಿ, ಆಮೇಲೆ ಆ ಮನೆಯವನು ಕೂಗಿದರೆ ದಿಕ್ಕು ಸಿಕ್ಕಿತು. ಇನ್ನೊಂದು ಯುಕ್ತಿ ಸೇರಿಸಿ. ಮೊದಲಿನವನ ಕೂಗನ್ನು ಸ್ವಲ್ಪ ಹೊತ್ತು ತಡೆಹಿಡಿದು ಬಿಡಿ. ಆಗ ಎರಡೂ ಕೂಗು ಒಟ್ಟಿಗೆ ಮೂರನೆಯವನ ಕಿವಿಗೆ ಬೀಳುತ್ತವೆ. ಎದುರು ದಿಕ್ಕಿನಿಂದ ಬಂದರೆ ಹಾಗೆ ಒಟ್ಟಿಗೆ ಬೀಳುವುದಿಲ್ಲ. ಒಟ್ಟಿಗೆ ಕೇಳಿದಾಗ ಮಾತ್ರ ಗಂಟೆ ಬಾರಿಸು ಎಂದು ಆ ಮೂರನೆಯವನಿಗೆ ಹೇಳಿಟ್ಟರೆ ಸಾಕು.

ಇದನ್ನು ಲೆಕ್ಕವಾಗಿ ಬರೆದಿಟ್ಟವರು ಜರ್ಮನಿಯ ಇಬ್ಬರು, ಜೀವಶಾಸ್ತ್ರಜ್ಞ ಬರ್ನ್‌ಹಾರ್ಡ್ ಹಾಸನ್‌ಸ್ಟೈನ್ ಮತ್ತು ಭೌತಶಾಸ್ತ್ರಜ್ಞ ವೆರ್ನರ್ ರೈಖಾರ್ಟ್. ವರ್ಷ 1956. ಅವರ ಕೈಯಲ್ಲಿದ್ದದ್ದು ನೊಣವಲ್ಲ, ಒಂದು ಮೂತಿಹುಳು. ನಮ್ಮ ತೆಂಗು ಬೆಳೆಗಾರರ ನಿದ್ದೆಗೆಡಿಸುವ ಕೆಂಪು ಮೂತಿಹುಳುವಿನ ದೂರದ ಬಂಧು ಎನ್ನಿ. ಹುಳುವಿನ ಬೆನ್ನನ್ನು ಒಂದು ಹಿಡಿಕೆಗೆ ಅಂಟಿಸಿ, ಹಗುರ ಕಡ್ಡಿಗಳಿಂದ ಮಾಡಿದ ಟೊಳ್ಳು ಗೋಳವೊಂದನ್ನು ಅದರ ಕಾಲಿಗೆ ಕೊಟ್ಟರು. ಹುಳು ನಡೆಯುತ್ತದೆ, ಆದರೆ ಇದ್ದಲ್ಲೇ ಇರುತ್ತದೆ, ತಿರುಗುವುದು ಗೋಳ. ಕೆಲವು ಹೆಜ್ಜೆಗೊಮ್ಮೆ ಕಡ್ಡಿ ಕವಲೊಡೆಯುತ್ತದೆ: ಎಡಕ್ಕೋ, ಬಲಕ್ಕೋ? ಸುತ್ತ ಪಟ್ಟೆಗಳು ಚಲಿಸುವಾಗ ಹುಳು ಯಾವ ಕವಲು ಹಿಡಿಯಿತು ಎಂದು ಎಣಿಸುತ್ತಾ ಕೂರುವುದು. ಪ್ರಯೋಗ ಎಂದರೆ ಇಷ್ಟೇ!

ಎಣಿಕೆಯಲ್ಲಿ ಸಿಕ್ಕಿದ್ದು ಸೊಗಸು. ಒಂದು ಕಡೆ ಬೆಳಗಿ, ಆಮೇಲೆ ಪಕ್ಕದಲ್ಲೂ ಬೆಳಗಿದರೆ ಹುಳು ಆ ದಿಕ್ಕಿಗೇ ತಿರುಗಿತು. ಒಂದು ಕಡೆ ಕತ್ತಲಾಗಿ, ಪಕ್ಕದಲ್ಲೂ ಕತ್ತಲಾದರೆ ಆಗಲೂ ಆ ದಿಕ್ಕಿಗೇ. ಆದರೆ ಒಂದು ಕಡೆ ಬೆಳಗಿ ಪಕ್ಕದಲ್ಲಿ ಕತ್ತಲಾದರೆ, ಹುಳು ತಿರುಗಿದ್ದು ವಿರುದ್ಧ ದಿಕ್ಕಿಗೆ. ಬೆಳಕನ್ನು ಪ್ಲಸ್ ಎನ್ನಿ, ಕತ್ತಲನ್ನು ಮೈನಸ್ ಎನ್ನಿ. ಪ್ಲಸ್ ಇಂಟು ಪ್ಲಸ್ ಪ್ಲಸ್ಸು, ಮೈನಸ್ ಇಂಟು ಮೈನಸ್ಸೂ ಪ್ಲಸ್ಸು, ಪ್ಲಸ್ ಇಂಟು ಮೈನಸ್ ಮೈನಸ್ಸು. ನಾನು ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಕಲಿತ ನಿಯಮ ಒಂದು ಮೂತಿಹುಳುವಿಗೆ ಹುಟ್ಟಿನಿಂದಲೇ ಬಂದಿದೆ. ಅಂದರೆ ಆ ಮೂರನೆಯವನು, ನಮ್ಮ ಗಂಟೆಯವನು, ಎರಡು ಕೂಗುಗಳನ್ನು ಕೂಡಿಸುತ್ತಿಲ್ಲ, ಗುಣಿಸುತ್ತಿದ್ದಾನೆ.

ಸರಿ, ಯಾರು ಆ ಮೂರನೆಯವನು? ಮಿದುಳಿನ ಯಾವ ಕೋಶ? ಅಷ್ಟಕ್ಕೂ ಒಂದು ಜೀವಕೋಶ ಗುಣಿಸುವುದು ಹೇಗೆ?

ಇದರ ಬೆನ್ನು ಹತ್ತಿದವರಲ್ಲಿ ಮುಖ್ಯರು ಅಲೆಕ್ಸಾಂಡರ್ ಬೋರ್ಸ್ಟ್. ಮ್ಯೂನಿಕ್ ಪಕ್ಕದ ಮಾರ್ಟಿನ್ಸ್‌ರೀಡ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು. ಪಿಎಚ್.ಡಿ. ಮಾಡಿದ್ದು ಮಾರ್ಟಿನ್ ಹೈಸೆನ್‌ಬರ್ಗ್ ಅವರಲ್ಲಿ. ಹೌದು, ಕ್ವಾಂಟಂ ಭೌತಶಾಸ್ತ್ರದ ಆ ವೆರ್ನರ್ ಹೈಸೆನ್‌ಬರ್ಗ್ ಅವರ ಮಗನೇ. ಅಪ್ಪ ಪರಮಾಣು ಹಿಡಿದರು, ಮಗ ನೊಣ ಹಿಡಿದರು. ಬೋರ್ಸ್ಟ್ ಅವರ ಕಾಲಕ್ಕೆ ಹಣ್ಣಿನ ನೊಣದಲ್ಲಿ ಬೇಕಾದ ಒಂದೇ ಬಗೆಯ ನರಕೋಶವನ್ನು ಸುಮ್ಮನಾಗಿಸುವ, ಇಲ್ಲವೇ ಅದು ಕೆಲಸ ಮಾಡುವಾಗ ಮಿನುಗುವಂತೆ ಮಾಡುವ ತಳಿವಿದ್ಯೆ ಕೈಗೆ ಬಂದಿತ್ತು.

2010ರಲ್ಲಿ ಅವರ ತಂಡ ತೋರಿಸಿತು: ನೊಣ ಬೆಳಕಿನ ಅಂಚಿಗೊಂದು, ಕತ್ತಲಿನ ಅಂಚಿಗೊಂದು ದಾರಿ ಮಾಡಿಕೊಂಡಿದೆ. ಜಾಣತನವೇ ಸರಿ. ಋಣಸಂಖ್ಯೆಗಳನ್ನು ಗುಣಿಸುವ ತಾಪತ್ರಯ ನರಕೋಶಕ್ಕೆ ಯಾಕೆ? 2013ರಲ್ಲಿ ಮೂರನೆಯವನೂ ಸಿಕ್ಕಿದ. ಬೆಳಕಿನ ದಾರಿಯಲ್ಲಿ ಟಿ-4, ಕತ್ತಲಿನ ದಾರಿಯಲ್ಲಿ ಟಿ-5 ಎಂಬ ಕೋಶಗಳು. ಎರಡರಲ್ಲೂ ನಾಲ್ಕು ನಾಲ್ಕು ಬಗೆ: ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ, ಕೆಳಕ್ಕೆ. ಒಂದೊಂದು ದಿಕ್ಕಿನ ಸುದ್ದಿ ಮಿದುಳಿನ ಬೇರೆ ಬೇರೆ ಪದರಕ್ಕೆ, ಕಪಾಟಿನ ನಾಲ್ಕು ಅಂಕಣಕ್ಕೆ ಹಾಕಿದಂತೆ, ಹೋಗಿ ಬೀಳುತ್ತದೆ. 750 ಪುಟ್ಟ ಕಣ್ಣು, ಒಂದೊಂದಕ್ಕೆ ಎಂಟು. ಒಂದು ಕಣ್ಣಿಗೆ ಸುಮಾರು 6000 ಕೋಶ ಬರೀ ದಿಕ್ಕು ಹೇಳುವುದಕ್ಕೆ. ಇವುಗಳ ಬಾಯಿ ಕಟ್ಟಿದರೆ ನೊಣಕ್ಕೆ ಚಲನೆಯೇ ಕಾಣುವುದಿಲ್ಲ. ಸುತ್ತ ಪಟ್ಟೆಗಳು ತಿರುಗುತ್ತಿದ್ದರೂ ಅವುಗಳ ಜೊತೆ ಅದು ತಿರುಗುವುದಿಲ್ಲ.

ಗುಣಾಕಾರದ ಗುಟ್ಟು ಬಯಲಾಗಲು 2022 ಬರಬೇಕಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ತಳ ತೂತಾದ ಕೊಡ ನೆನೆಸಿಕೊಳ್ಳಿ. ನೀರು ಹೊಯ್ದರೂ ಸೋರಿಹೋಗುತ್ತದೆ, ಮಟ್ಟ ಏರುವುದಿಲ್ಲ. ಬರೀ ತೂತು ಮುಚ್ಚಿದರೂ ಏರುವುದಿಲ್ಲ, ನೀರೇ ಇಲ್ಲವಲ್ಲ. ಮೊದಲು ತೂತು ಮುಚ್ಚಿ ಆಮೇಲೆ ಹೊಯ್ದರೆ ಕೊಡ ತುಂಬುತ್ತದೆ. ಟಿ-4 ಕೋಶದ್ದೂ ಇದೇ ಪಾಡು. ಕತ್ತಲಿರುವಾಗ ಪಕ್ಕದ ಒಂದು ನರಕೋಶ ಗ್ಲುಟಮೇಟ್ ಎಂಬ ರಾಸಾಯನಿಕ ಸುರಿಸಿ ಟಿ-4ರ ತೂತುಗಳನ್ನು ತೆರೆದೇ ಇಟ್ಟಿರುತ್ತದೆ. ಬೆಳಕಿನ ಅಂಚು ಸರಿಯಾದ ದಿಕ್ಕಿನಿಂದ ಬಂದರೆ ಮೊದಲು ಆ ಕೋಶ ಸುಮ್ಮನಾಗುತ್ತದೆ, ತೂತು ಮುಚ್ಚುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೋಶದಿಂದ ಪ್ರಚೋದನೆ ಬರುತ್ತದೆ, ವೋಲ್ಟೇಜು ಜಿಗಿಯುತ್ತದೆ. ಹೈಸ್ಕೂಲಿನ ಓಮನ ನಿಯಮವೇ: ವೋಲ್ಟೇಜು ಎಂದರೆ ಕರೆಂಟು ಗುಣಿಸು ರೋಧ. ತೂತು ಮುಚ್ಚಿದರೆ ರೋಧ ಏರುತ್ತದೆ, ಪ್ರಚೋದನೆ ಬಂದರೆ ಕರೆಂಟು. ಗುಣಾಕಾರ ಅಡಗಿ ಕೂತಿದ್ದು ಅಲ್ಲಿ ಎಂದು ಗೊತ್ತಾದದ್ದು ಮೂತಿಹುಳುವಿನ ಎಣಿಕೆಯಾಗಿ 66 ವರ್ಷದ ಮೇಲೆ. ಆ ಗ್ಲುಟಮೇಟ್ ಹಿಡಿಯುವ ಬಾಗಿಲನ್ನೇ ತೆಗೆದುಹಾಕಿ ನೋಡಿದರು. ಕೋಶದ ದಿಕ್ಕಿನ ಖಚಿತತೆ ಕುಂದಿತು.

ಇನ್ನು ನಮ್ಮ ಪೇಪರ್ ಸುರುಳಿಗೆ ಬರೋಣ. ಅಮೆರಿಕದ ವರ್ಜೀನಿಯಾದಲ್ಲಿರುವ ಜನೇಲಿಯಾ ಸಂಶೋಧನಾ ಕೇಂದ್ರದವರು 2017ರಲ್ಲಿ ಒಂದು ಬಗೆಯ ನರಕೋಶವನ್ನು ವಿವರಿಸಿದರು. ಅದು ನಾಲ್ಕೂ ಪದರಗಳಿಗೆ ಕೈ ಚಾಚಿರುತ್ತದೆ. ಎದುರಿನ ವಸ್ತುವಿನ ಮೇಲಿನ ಅಂಚು ಮೇಲಕ್ಕೆ, ಕೆಳಗಿನದು ಕೆಳಕ್ಕೆ, ಅತ್ತಿತ್ತಲಿನವು ಅತ್ತಿತ್ತ ಹಿಗ್ಗಿದರೆ ಮಾತ್ರ ಅದು ಕೂಗುತ್ತದೆ. ನಾಲ್ಕೂ ಕಡೆ ಒಟ್ಟಿಗೆ ಹಿಗ್ಗುವುದು ಎಂದರೆ ಏನೋ ಮೇಲೆ ಬೀಳುತ್ತಿದೆ ಎಂದೇ ಅರ್ಥ. ಆ ಕೂಗು ಜಿಗಿತದ ನರಕ್ಕೆ ಹೋಗುತ್ತದೆ. ಜಿಗಿಯುವ ಮೊದಲೇ ನೊಣ, ಪೆಟ್ಟು ಬರುವ ದಿಕ್ಕು ನೋಡಿ, ಕಾಲುಗಳನ್ನು ಸರಿಪಡಿಸಿಕೊಂಡು ಮೈ ವಾಲಿಸಿರುತ್ತದೆ ಎಂದು 2008ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ವೇಗದ ಕ್ಯಾಮೆರಾ ಇಟ್ಟು ಕಂಡುಕೊಂಡಿದ್ದರು. ಎದುರಿನಿಂದ ಹೊಡೆದರೆ ಹಿಂದಕ್ಕೆ ಹಾರುತ್ತದೆ. ಆದ್ದರಿಂದ ಮುಂದಿನ ಸಲ ನೊಣ ಕೂತಲ್ಲಿಗೆ ಗುರಿಯಿಡಬೇಡಿ, ಅದು ಹಾರಿ ಹೋಗಲಿರುವ ಕಡೆಗೆ ಸ್ವಲ್ಪ ಸರಿಸಿ ಬೀಸಿ. ಕಾಫಿ ಲೋಟ ಮಾತ್ರ ಮೊದಲೇ ಆಚೆ ಇಟ್ಟಿರಿ.

ನಮಸ್ಕಾರ.