ಯಾಕೆ ತೆಗೆದಿರಿ ಅಂತ ಹೇಳಿ ತೆಗೆಯಿರಿ

ನಮಸ್ಕಾರ. ಕೊಪ್ಪಳದಿಂದ ಮಾತಾಡುತ್ತಿದ್ದೇನೆ. ಆನ್‌ಲೈನ್ ಹರಾಜು ಸೈಟುಗಳಲ್ಲಿ ಹಳೇ ಸಾಮಾನು ಮಾರುತ್ತೇನೆ. ಹಿತ್ತಾಳೆ, ತಾಮ್ರ, ಬೀಗ, ರೇಡಿಯೊ, ಇಂಥವು. ದೊಡ್ಡ ವ್ಯಾಪಾರ ಅಲ್ಲ, ಆದರೆ ಮನೆಯ ಕರೆಂಟ್ ಬಿಲ್ಲು, ಮಗಳ ಟ್ಯೂಷನ್ ಫೀಸು ಇದರಿಂದಲೇ ಹೋಗುತ್ತದೆ. ಹಾಗಾಗಿ ಹಾಕಿದ ಲಿಸ್ಟಿಂಗನ್ನು, ಅಂದರೆ ಸಾಮಾನಿನ ಫೋಟೊ, ವಿವರ ಇರುವ ಮಾರಾಟದ ಪುಟವನ್ನು, ಸೈಟಿನವರು ಇದ್ದಕ್ಕಿದ್ದಂತೆ ತೆಗೆದುಬಿಟ್ಟರೆ ಅವತ್ತು ರಾತ್ರಿ ನಿದ್ದೆ ಬರುವುದಿಲ್ಲ. ನಿಮ್ಮಲ್ಲೂ ಕೆಲವರಿಗೆ ಇದು ಆಗಿರುತ್ತದೆ, ಅಲ್ವಾ? ಇವತ್ತು ಅದನ್ನೇ ಮಾತಾಡೋಣ.

ನನಗೆ ಆಗಿದ್ದು ಒಂದು ಅಡಕತ್ತರಿಯಿಂದ. ನಮ್ಮ ಅಜ್ಜಿಯದು. ಮನೆಯಲ್ಲಿ ಅಂಥವು ಮೂರು ಇದ್ದವು, ಎಲೆ ಅಡಿಕೆ ಹಾಕುವವರು ಈಗ ಯಾರೂ ಉಳಿದಿಲ್ಲ. ಹಿತ್ತಾಳೆಯದು, ಗಿಣಿಯ ಆಕಾರ. ಗಿಣಿಯ ಕೊಕ್ಕು ಬಾಗಿದ ಕಡೆ ಬೆರಳು ಇಟ್ಟರೆ ಅಲ್ಲಿ ಸವೆದು ನುಣ್ಣಗಾಗಿದೆ, ಅಜ್ಜಿಯ ಹೆಬ್ಬೆರಳು ದಿನಾ ಅಲ್ಲೇ ಕೂರುತ್ತಿತ್ತು. ಒಂದು ಕಣ್ಣಿಗೆ ಕೆಂಪು ಕಲ್ಲು, ಇನ್ನೊಂದು ಕಣ್ಣಿನ ಕಲ್ಲು ಉದುರಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಾಳಿಗೆ ಮೇಲೆ ಬಿಳಿ ಪಂಚೆ ಹಾಸಿ, ಬೆಳಗಿನ ಬಿಸಿಲಲ್ಲಿ ಎಂಟು ಫೋಟೊ ತೆಗೆದೆ. ಟೈಟಲ್‌ನಲ್ಲಿ ಏನು ಬರೆದೆ ಗೊತ್ತಾ? 'ಅಪರೂಪದ ಅಂಟಿಕ್ ಅಡಕತ್ತರಿ, 150 ವರ್ಷ ಹಳೆಯದು.' ಯಾಕೆ 150? ಬೇರೆಯವರು ಹಾಗೇ ಬರೆಯುತ್ತಿದ್ದರು, ನಾನೂ ಬರೆದೆ. ಅಜ್ಜಿ ಯಾವತ್ತೂ ವರ್ಷ ಹೇಳಿದವಳಲ್ಲ, ನಾನೂ ಕೇಳಿದವನಲ್ಲ.

ಹನ್ನೊಂದು ಬಿಡ್ ಬಂದವು. ಹರಾಜು ಮುಗಿಯಲು ಇನ್ನೂ ಎರಡು ದಿನ ಇತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮೆಸೇಜ್ ಬಂತು, ಇಂಗ್ಲಿಷಿನಲ್ಲಿ, ನಾಲ್ಕೇ ಸಾಲು. ನಿಮ್ಮ ಲಿಸ್ಟಿಂಗ್ ನಮ್ಮ ನಿಯಮಕ್ಕೆ ವಿರುದ್ಧವಾಗಿದೆ, ತೆಗೆದಿದ್ದೇವೆ, ಬಿಡ್ ಎಲ್ಲಾ ರದ್ದಾಗಿವೆ, ಹೆಚ್ಚಿನ ವಿವರಕ್ಕೆ ಇಲ್ಲಿ ಒತ್ತಿ. ಒತ್ತಿದರೆ ಒಂದು ಉದ್ದನೆಯ ಪುಟ. ಅದರಲ್ಲಿ ಬಂದೂಕಿನಿಂದ ಹಿಡಿದು ಬೀಜದವರೆಗೆ ಎಲ್ಲಾ ಇದೆ. ನನ್ನ ಅಡಕತ್ತರಿಯದು ಅದರಲ್ಲಿ ಯಾವ ತಪ್ಪು ಅನ್ನುವುದು ಮಾತ್ರ ಎಲ್ಲೂ ಇಲ್ಲ.

ಆಗ ನಾನು ಮಾಡಿದ ಕೆಲಸ ಇದೆಯಲ್ಲ, ಅದನ್ನು ನೀವು ಯಾರೂ ಮಾಡಬೇಡಿ ಅನ್ನುವುದಕ್ಕೇ ಈ ವಿಡಿಯೊ. ಕೈ ತೊಳೆದವನೇ ಅದೇ ಫೋಟೊ, ಅದೇ ಟೈಟಲ್ ಇಟ್ಟು ಮತ್ತೆ ಹಾಕಿದೆ. ಸಿಟ್ಟು. ಏನೋ ಕಂಪ್ಯೂಟರ್ ತಪ್ಪು, ಎರಡನೇ ಸಲ ಹೋಗುತ್ತದೆ ಅಂದುಕೊಂಡೆ. ಬೆಳಗ್ಗೆ ಎದ್ದು ನೋಡಿದರೆ ಅದೂ ಇಲ್ಲ, ಜೊತೆಗೆ ಏಳು ದಿನ ನನ್ನ ಅಕೌಂಟಿನಲ್ಲಿ ಏನೂ ಮಾರುವ ಹಾಗಿಲ್ಲ ಅಂತ ಇನ್ನೊಂದು ಮೆಸೇಜ್. ಬೇರೆ ಮೂರು ಸಾಮಾನು ಹರಾಜಿನಲ್ಲಿದ್ದವು, ಅವುಗಳಲ್ಲಿ ಒಂದು ಒಳ್ಳೆಯ ವಾಲ್ವ್ ರೇಡಿಯೊ. ಅವೂ ನಿಂತುಹೋದವು. ಮೊದಲನೇ ಸಲ ತೆಗೆದಾಗ ಅದು ಬರೀ ತಪ್ಪು. ಹಾಗೇ ತಿರುಗಿ ಹಾಕಿದರೆ ಅವರ ಲೆಕ್ಕದಲ್ಲಿ ಅದು ಬೇಕಂತಲೇ ಮಾಡಿದ್ದು. ಮೊದಲನೆಯದಕ್ಕಿಂತ ಎರಡನೆಯದಕ್ಕೇ ಶಿಕ್ಷೆ ಜಾಸ್ತಿ.

ಆ ಏಳು ದಿನದಲ್ಲಿ ನಮ್ಮ ಸೋದರತ್ತೆ ಮನೆಗೆ ಬಂದಿದ್ದರು. ಅಪ್ಪನಿಗಿಂತ ದೊಡ್ಡವರು. ಅಡಕತ್ತರಿ ಮೇಜಿನ ಮೇಲೆ ಇತ್ತು, ಎತ್ತಿಕೊಂಡು ನೋಡಿದರು. ಇದಕ್ಕೆ ನೂರೈವತ್ತು ವರ್ಷ ಆಗಿರಬೇಕಲ್ಲ ಅತ್ತಿ ಅಂತ ಕೇಳಿದೆ. "ಅಲ್ಲೋ ತಮ್ಮಾ, ಇದಕ್ಕೆಲ್ಲಿ ನೂರೈವತ್ತು ವರ್ಷ ಆಗ್ಯಾವ? ನಿಮ್ಮಪ್ಪ ತೊಟ್ಟಿಲದಾಗಿದ್ದ. ಹುಲಿಗೆಮ್ಮನ ಜಾತ್ರಿಗೆ ಚಕ್ಕಡಿ ಕಟ್ಕೊಂಡು ಹೋಗಿದ್ವಿ. ಅಂಗಡಿಯಾವ ಮೂರು ರೂಪಾಯಿ ಅಂದ, ನಮ್ಮವ್ವ ಎರಡಕ್ಕ ತಗೊಂಡ್ಲು." ಅಪ್ಪ ಹುಟ್ಟಿದ್ದು 1954ರಲ್ಲಿ. ಅಂದರೆ ಅಡಕತ್ತರಿಗೆ ಸುಮಾರು ಎಪ್ಪತ್ತು ವರ್ಷ.

ಈ ಎಪ್ಪತ್ತಕ್ಕೂ ನೂರೈವತ್ತಕ್ಕೂ ಏನು ವ್ಯತ್ಯಾಸ ಅಂದರೆ, ಇಡೀ ಕಾನೂನೇ ವ್ಯತ್ಯಾಸ. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನಾಣ್ಯ, ವಿಗ್ರಹ, ಚಿತ್ರ, ಕೈಕೆಲಸದ ವಸ್ತು, ಯಾವುದೇ ಇರಲಿ, ನೂರು ವರ್ಷ ದಾಟಿದರೆ ಅದು ಪುರಾತನ ವಸ್ತು. ಬೆಲೆಯುಳ್ಳ ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗೇ ಇಲ್ಲ. ದೇಶದೊಳಗೆ ಅದರ ವ್ಯಾಪಾರ ಮಾಡಬೇಕಾದರೂ ಲೈಸೆನ್ಸ್ ಬೇಕು. ನಾನು 150 ಅಂತ ಬರೆದು, ವಿದೇಶಕ್ಕೂ ಕಳಿಸುತ್ತೇನೆ ಅಂತ ಟಿಕ್ ಹಾಕಿದ್ದೆ. ನನ್ನ ಕೈಯಾರೆ ನಾನೇ ಬರೆದುಕೊಟ್ಟ ಹಾಗೆ ಆಯಿತು. ತೆಗೆದದ್ದು ಸರಿ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಆಡಿದರೆ ನನಗೇ ಸಮಾಧಾನ ಇರುವುದಿಲ್ಲ.

ಆದರೆ ತೆಗೆದ ರೀತಿ ಸರಿಯಲ್ಲ. ರಾಯಚೂರಿನ ಹತ್ತಿ ಮಾರ್ಕೆಟ್ಟಿಗೆ ಹೋಗಿದ್ದೀರಾ? ನಾನು ಚಿಕ್ಕವನಿದ್ದಾಗ ಮಾವನ ಜೊತೆ ಹೋಗುತ್ತಿದ್ದೆ. ಖರೀದಿದಾರ ಬರುತ್ತಾನೆ, ಅಂಡಿಗೆಯೊಳಗೆ ಮೊಳಕೈತನಕ ಕೈ ಹಾಕುತ್ತಾನೆ, ಒಂದು ಹಿಡಿ ಎಳೆಯುತ್ತಾನೆ, ರೈತನ ಮುಂದೆ ಹಿಡಿದು ಬಿಡಿಸುತ್ತಾನೆ. ನೋಡು, ಹಸಿ ಅದ, ಕಸ ಜಾಸ್ತಿ ಅದ. ಬೆಲೆ ಇಳಿಸಲಿ, ಬೇಡ ಅನ್ನಲಿ, ಆ ಹಿಡಿ ಹತ್ತಿ ನಿಮ್ಮ ಕಣ್ಣ ಮುಂದೆ ಇರುತ್ತದೆ. ನೀವು ಜಗಳ ಆಡಬಹುದು, ಇಲ್ಲ ಒಣಗಿಸಿ ಮುಂದಿನ ವಾರ ತರಬಹುದು. ನಾನು ಕೇಳುವುದು ಅಷ್ಟೇ. ಆ ಒಂದು ಹಿಡಿ ತೋರಿಸಿ. 'ಟೈಟಲ್‌ನಲ್ಲಿ 150 ವರ್ಷ ಅಂತ ಬರೆದಿದ್ದೀರಿ, ನೂರು ದಾಟಿದ ಸಾಮಾನು ಹೊರದೇಶಕ್ಕೆ ಹೋಗುವಂತಿಲ್ಲ.' ಒಂದೇ ಸಾಲು. ಇದನ್ನು ಹೇಳಿದ್ದರೆ ಅವತ್ತು ರಾತ್ರಿ ನಾನು ಮತ್ತೆ ಹಾಕುತ್ತಲೇ ಇರಲಿಲ್ಲ. ಯಾವ ಪದ ನೋಡಿ ತೆಗೆದೆ ಅಂತ ಅವರ ಯಂತ್ರಕ್ಕೆ ಗೊತ್ತೇ ಇರುತ್ತದೆ ಅಲ್ವಾ? ಗೊತ್ತಿಲ್ಲದೆ ತೆಗೆದದ್ದು ಹೇಗೆ?

ಸೈಟಿನವರ ಭಯ ನನಗೆ ಅರ್ಥವಾಗದೆ ಇಲ್ಲ. ಬಾಝೀ ಡಾಟ್ ಕಾಮ್ ಅಂತ ನಮ್ಮ ದೇಶದ್ದೇ ಒಂದು ಹರಾಜು ಸೈಟ್ ಇತ್ತು, 2004ರಲ್ಲಿ ಅಮೆರಿಕದ ಹರಾಜು ಕಂಪನಿ ಇಬೇ ಅದನ್ನು ಕೊಂಡಿತು. ಅದೇ ವರ್ಷ ಯಾರೋ ಒಬ್ಬ ಅಲ್ಲಿ ಅಶ್ಲೀಲ ವಿಡಿಯೊ ಮಾರಾಟಕ್ಕೆ ಹಾಕಿದ. ಡಿಸೆಂಬರ್‌ನಲ್ಲಿ ದೆಹಲಿ ಪೊಲೀಸರು ಸೈಟಿನ ಮುಖ್ಯಸ್ಥರನ್ನೇ ಬಂಧಿಸಿದರು. ವಿಡಿಯೊ ಹಾಕಿದವರು ಅವರಲ್ಲ, ಆದರೂ ಜೈಲಿಗೆ ಹೋದರು. ಆಮೇಲೆ 2008ರಲ್ಲಿ ಐಟಿ ಕಾಯ್ದೆಗೆ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ, ತಿದ್ದುಪಡಿ ಬಂತು, ಬೇರೆಯವರು ಹಾಕಿದ್ದಕ್ಕೆ ಸೈಟಿನವರಿಗೆ ರಕ್ಷಣೆ ಸಿಕ್ಕಿತು. ಆದರೆ ಆ ರಕ್ಷಣೆಗೆ ಷರತ್ತುಗಳಿವೆ, ಎಚ್ಚರಿಕೆಯಿಂದ ನಡೆದುಕೊಳ್ಳಬೇಕು. ಅದಕ್ಕೇ ಅನುಮಾನ ಬಂದರೆ ಮೊದಲು ತೆಗೆಯುತ್ತಾರೆ. ತೆಗೆಯಲಿ. ಭಯಕ್ಕೆ ತೆಗೆಯುವುದಕ್ಕೂ ಕಾರಣ ಹೇಳದೆ ಇರುವುದಕ್ಕೂ ಏನು ಸಂಬಂಧ?

ಕಾರಣ ಹೇಳದಿದ್ದರೆ ಪೆಟ್ಟು ಯಾರಿಗೆ ಬೀಳುತ್ತದೆ ಅನ್ನುವುದನ್ನು ಕಿನ್ನಾಳದಲ್ಲಿ ನೋಡಿದೆ. ಕೊಪ್ಪಳದ ಪಕ್ಕದ ಊರು, ಅಲ್ಲಿಯ ಮರದ ಗೊಂಬೆಗಳಿಗೆ ಜಿಐ ಟ್ಯಾಗ್ ಇದೆ, ಅಂದರೆ ಇದು ಈ ಊರಿನದೇ ವಸ್ತು ಅನ್ನುವ ಸರ್ಕಾರಿ ಗುರುತು. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಬಣ್ಣ ಕೊಟ್ಟು ಮಾಡುವ ಕೆಲಸ, ಚಿತ್ರಗಾರ ಮನೆತನಗಳು ತಲೆಮಾರಿನಿಂದ ಮಾಡಿಕೊಂಡು ಬಂದಿವೆ. ನನಗೆ ಪರಿಚಯದ ಒಬ್ಬ ಹುಡುಗ ಒಂದು ಗರುಡನ ಗೊಂಬೆಯನ್ನು 'ಮಕ್ಕಳ ಆಟಿಕೆ' ವಿಭಾಗದಲ್ಲಿ ಹಾಕಿದ. ತೆಗೆದರು. ಮೆಸೇಜಿನಲ್ಲಿ ಬರೀ ಪ್ರಮಾಣಪತ್ರ ಇಲ್ಲ ಅಂತ ಇತ್ತು. ಯಾವ ಪ್ರಮಾಣಪತ್ರ? ಹುಡುಗ ಹೆದರಿ ಮಾರುವುದನ್ನೇ ಬಿಟ್ಟುಬಿಟ್ಟ.

ವಿಷಯ ಏನಪ್ಪಾ ಅಂದರೆ, 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿ ತಾನೇ ಮಾಡಿ ತಾನೇ ಮಾರುವ ಗೊಂಬೆಗೆ ಅದರಿಂದ ವಿನಾಯಿತಿ ಇದೆ. ಜಿಐ ಬಳಸಲು ಅಧಿಕೃತವಾಗಿ ನೋಂದಾಯಿಸಿಕೊಂಡವರಿಗೂ ಇದೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ವಿನಾಯಿತಿ ಇರುವುದು ಕುಶಲಕರ್ಮಿಗೆ, ಅವರಿಂದ ಕೊಂಡು ಮಾರುವ ನನ್ನಂಥವನಿಗೆ ಅಲ್ಲ. ಆ ಹುಡುಗ ತನ್ನ ಹೆಸರಿನಲ್ಲಿ ಅಕೌಂಟ್ ತೆರೆದಿದ್ದ, ಗೊಂಬೆ ಮಾಡಿದ್ದು ಅವರಪ್ಪ. ಪೆಹಚಾನ್ ಕಾರ್ಡ್, ಅಂದರೆ ಕುಶಲಕರ್ಮಿಯ ಗುರುತಿನ ಚೀಟಿ, ಇರುವುದೂ ಅಪ್ಪನ ಹೆಸರಿನಲ್ಲಿ. ಅಪ್ಪನ ಹೆಸರಿನಲ್ಲೇ ಅಕೌಂಟ್ ಮಾಡಿಸಿ, ಕಾರ್ಡಿನ ಪ್ರತಿ ಕೊಟ್ಟು ಅಪೀಲ್ ಹಾಕಿಸಿದೆವು. ಇನ್ನು ಆ ಗರುಡ ಮಕ್ಕಳು ಆಡುವ ವಸ್ತುವೇ ಅಲ್ಲ, ಷೋಕೇಸಿನಲ್ಲಿ ಇಡುವುದು. ಅದನ್ನು ಮನೆ ಅಲಂಕಾರದ ವಿಭಾಗಕ್ಕೆ ಹಾಕಿದರೆ ಈ ಪ್ರಶ್ನೆಯೇ ಬರುವುದಿಲ್ಲ. ಇದನ್ನು ಹೇಳಲು ಸೈಟಿನವರಿಗೆ ಎರಡು ಸಾಲು ಸಾಕಿತ್ತು. ಆ ಎರಡು ಸಾಲು ಇಲ್ಲದೆ ಒಂದು ಮನೆಯವರು ನಾಲ್ಕು ತಿಂಗಳು ಏನೂ ಮಾರದೆ ಸುಮ್ನೆ ಕೂತರು.

ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೂ ಇದೇ ಮಾತು. ನಿಮ್ಮ ಪ್ಯಾಂಟ್ ಚೆನ್ನಾಗಿದೆ, ಅದು ಎಲ್ಲರಿಗೂ ಗೊತ್ತು. ಟೈಟಲ್‌ನಲ್ಲಿ ದೊಡ್ಡ ಕಂಪನಿಯ ಹೆಸರು ಹಾಕಿ ಮುಂದೆ 'ಸ್ಟೈಲ್' ಅಂತ ಸೇರಿಸಬೇಡಿ. ಹುಡುಕುವವರಿಗೆ ಸಿಗಲಿ ಅಂತ ಹಾಕುತ್ತೀರಿ, ಆದರೆ ಟ್ರೇಡ್‌ಮಾರ್ಕ್ ಇರುವ ಕಂಪನಿಯವರು ಒಂದು ನೋಟಿಸ್ ಕಳಿಸಿದರೆ ಸಾಕು, ಲಿಸ್ಟಿಂಗ್ ಹೋಯಿತು. 'ಬಳ್ಳಾರಿ ಜೀನ್ಸ್' ಅಂತಲೇ ಬರೆಯಿರಿ.

ತೆಗೆದದ್ದೇ ಒಳ್ಳೆಯದಾಯಿತು ಅನ್ನುವಂಥವೂ ಇವೆ. ಆನೆಗೊಂದಿ ಕಡೆ ಹೊಲ ಉಳುವಾಗ ಸಿಕ್ಕ ನಾಣ್ಯ ಅಂತ ಬರೆದು ಹಾಕುವವರನ್ನು ನೋಡಿದ್ದೇನೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಅದು ಮಾರುವ ಸಾಮಾನಲ್ಲ. ರದ್ದಾದ 500, 1000ದ ನೋಟುಗಳನ್ನು ಕಟ್ಟುಗಟ್ಟಲೆ ಹಾಕುವವರಿದ್ದಾರೆ. 2017ರ ಕಾಯ್ದೆ ಪ್ರಕಾರ ಅಂಥ ನೋಟು ಹತ್ತಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದೇ ತಪ್ಪು, ಸಂಗ್ರಹಕಾರರಿಗೆ, ಅಧ್ಯಯನ ಮಾಡುವವರಿಗೆ 25ರ ತನಕ ಮಾತ್ರ ಬಿಟ್ಟಿದ್ದಾರೆ. ಆನೆದಂತದ ಹಿಡಿ ಇರುವ ಚಾಕು, ಜಿಂಕೆ ಕೊಂಬು, ಇವು ಎಷ್ಟೇ ಹಳೆಯವಾದರೂ ಹಾಕಬೇಡಿ. ಇಂಥವುಗಳಲ್ಲಿ ನಾನು ಸೈಟಿನವರ ಪರ.

ಹಾಗಾದರೆ ತೆಗೆದಾಗ ಏನು ಮಾಡಬೇಕು? ಮೊದಲು, ಅವತ್ತು ಏನೂ ಮಾಡಬೇಡಿ. ಮೆಸೇಜಿನ, ಲಿಸ್ಟಿಂಗಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಕೆಲವು ಕಡೆ ಸ್ವಲ್ಪ ದಿನಕ್ಕೆ ಆ ಪುಟವೂ ಹೋಗುತ್ತದೆ. ಬಿಡ್ ಮಾಡಿದವರಿಗೆ ಮೆಸೇಜ್ ಕಳಿಸಿ 'ಹೊರಗೆ ವ್ಯವಹಾರ ಮಾಡೋಣ' ಅನ್ನಬೇಡಿ, ಅದು ಅಕೌಂಟನ್ನೇ ಕಳೆಯುವ ದಾರಿ. ಮರುದಿನ ನಿಮ್ಮ ಟೈಟಲನ್ನು ಒಂದೊಂದೇ ಪದ ಬಿಡಿಸಿ ಓದಿ. ವಯಸ್ಸು, ಬ್ರ್ಯಾಂಡ್ ಹೆಸರು, ವಿಭಾಗ, ಕಳಿಸುವ ದೇಶ, ನನ್ನ ಅನುಭವದಲ್ಲಿ ಜಾಸ್ತಿ ಸಲ ತಪ್ಪು ಇರುವುದು ಇಲ್ಲೇ. ಆಮೇಲೆ ಅವರಿಗೆ ಬರೆಯಿರಿ. ಬೈದು ಬರೆಯಬೇಡಿ, ಕಥೆಯನ್ನೂ ಬರೆಯಬೇಡಿ. ಯಾವ ಪದ ಅಥವಾ ಯಾವ ಫೋಟೊ ಯಾವ ನಿಯಮಕ್ಕೆ ವಿರುದ್ಧ, ಏನು ಬದಲಾಯಿಸಿದರೆ ಮತ್ತೆ ಹಾಕಬಹುದು, ಇಷ್ಟೇ ಕೇಳಿ.

ಉತ್ತರ ಬರದಿದ್ದರೆ ಕೈಕಟ್ಟಿ ಕೂರಬೇಡಿ. 2021ರ ಐಟಿ ನಿಯಮಗಳ ಪ್ರಕಾರ ಇಲ್ಲಿ ವ್ಯವಹಾರ ಮಾಡುವ ಸೈಟಿನವರು ದೂರು ಅಧಿಕಾರಿಯ ಹೆಸರು, ವಿಳಾಸವನ್ನು ಸೈಟಿನಲ್ಲೇ ಹಾಕಿರಬೇಕು. ನಿಮ್ಮ ದೂರು ತಲುಪಿದೆ ಅಂತ 24 ಗಂಟೆಯೊಳಗೆ ಹೇಳಬೇಕು. ಅವರ ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ದೂರು ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಮ್ಮ ಕಡೆಯ ಎಷ್ಟೋ ಜನ ಮಾರಾಟಗಾರರಿಗೆ ಇದು ಗೊತ್ತೇ ಇಲ್ಲ. ಗೊತ್ತಾಗಲಿ ಅಂತಲೇ ಇಷ್ಟು ಹೊತ್ತು ಮಾತಾಡುತ್ತಿದ್ದೇನೆ.

ಇನ್ನೊಂದು ಮಾತು, ಇದು ಸೈಟು ನಡೆಸುವವರಿಗೆ. ಸೀರೆ ಕೊಳ್ಳಿ, ಫೋನ್ ಕೊಳ್ಳಿ ಅಂತ ಜಾಹೀರಾತು ಕೊಡುವಾಗ ನಿಮಗೆ ಕನ್ನಡ ಬರುತ್ತದೆ. ನಮ್ಮ ಹೊಟ್ಟೆಪಾಡಿನ ಮೇಲೆ ಬರೆ ಎಳೆಯುವ ಆ ನಾಲ್ಕು ಸಾಲಿಗೆ ಮಾತ್ರ ಯಾಕೆ ಇಂಗ್ಲಿಷ್? ಕಿನ್ನಾಳದ ಆ ಹಿರಿಯರಿಗೆ ಅವರ ಮಗ ಓದಿ ಹೇಳಿದ್ದು 'ನಮ್ಮ ಗೊಂಬಿ ಸರಿ ಇಲ್ಲಂತ' ಅಂತ. ಸೈಟಿನವರು ಹಾಗೆ ಬರೆದಿರಲಿಲ್ಲ. ಆದರೆ ಅವರಿಗೆ ಕೇಳಿಸಿದ್ದು ಹಾಗೆ, ಮೂರು ದಿನ ಉಳಿ ಮುಟ್ಟಲಿಲ್ಲ.

ಅಡಕತ್ತರಿ ಏನಾಯಿತು ಅಂತ ಕೇಳುತ್ತೀರಿ. ಏಳು ದಿನ ಮುಗಿದ ಮೇಲೆ ಹೊಸದಾಗಿ ಬರೆದೆ. 'ಹಿತ್ತಾಳೆ ಗಿಣಿ ಅಡಕತ್ತರಿ, ಸುಮಾರು 70 ವರ್ಷದ್ದು, ಹುಲಿಗಿ ಜಾತ್ರೆಯಲ್ಲಿ ಕೊಂಡದ್ದು, ಒಂದು ಕಣ್ಣಿನ ಕಲ್ಲು ಇಲ್ಲ.' ಭಾರತದೊಳಗೆ ಮಾತ್ರ ಕಳಿಸುತ್ತೇನೆ ಅಂತ ಹಾಕಿದೆ. ಹೊರಗೆ ಕಳಿಸಬೇಕಿದ್ದರೆ ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣಾ ಇಲಾಖೆಯವರಿಂದ ಪಡೆಯಬಹುದು, ನನಗೆ ಅಷ್ಟು ಓಡಾಟ ಬೇಡವಾಗಿತ್ತು. ಬಿಡ್ ಆರೇ ಬಂದವು, ಬೆಲೆ ಮೊದಲಿನಷ್ಟು ಏರಲಿಲ್ಲ. ಕೊಂಡವರು ಪಾರ್ಸೆಲ್ ಸಿಕ್ಕ ಮೇಲೆ ಒಂದು ಪ್ರಶ್ನೆ ಕಳಿಸಿದರು, ಜಾತ್ರೆಯಲ್ಲಿ ಎಷ್ಟಕ್ಕೆ ಕೊಂಡಿದ್ದರು ಅಂತ. ಎರಡು ರೂಪಾಯಿ, ಅಂಗಡಿಯವನು ಮೂರು ಕೇಳಿದ್ದ, ಅಂತ ಬರೆದೆ.