ಬಳ್ಳಾರಿ ಸೀಮೆಯ ಕೂಲಿಮಠ

ಕೇಳುಗರೆ, ನಮಸ್ಕಾರ.

ನಮ್ಮ ಹಳ್ಳಿಗಳಿಗೆ ಸರಕಾರಿ ಶಾಲೆ ಬರುವ ಮೊದಲು ಕೂಲಿಮಠಗಳಿದ್ದವು. ಗುಡಿಯ ಪೌಳಿಯಲ್ಲೋ ಪಾಠ ಹೇಳುವ ಐಗಳ ಮನೆಯ ಜಗುಲಿಯಲ್ಲೋ ಪಾಠ ನಡೆದುಹೋಗುತ್ತಿದ್ದುದರಿಂದ, ಇಂದು ಹುಡುಕಿಕೊಂಡು ಹೋದರೆ ಪಾಳುಗೋಡೆಯೂ ಸಿಗದು. ಸಿಗುವುದು ಒಂದು ವರದಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮರುವರ್ಷದ ಆಗಸ್ಟ್‌ನಲ್ಲಿ ಉತ್ತರ ಬರೆದ.

ಅನಂತಪುರವೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60.

ಬೆಳಗ್ಗೆ ಆರಕ್ಕೆ ಮಠ ಶುರು. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಕೊನೆಗೆ ಬಂದವನ ಕೈಯ ಪಾಡು ನೀವೇ ಊಹಿಸಿ! ಸೋಮಾರಿಗಳನ್ನು ಸೂರಿಗೆ ನೇತುಹಾಕುವುದೂ ಇತ್ತು.

ಮೊದಲ ಅಕ್ಷರ ಮರಳಿನ ಮೇಲೆ, ಬೆರಳಿನಿಂದ. ಆಮೇಲೆ ಕಡತ. ಬಟ್ಟೆಗೆ ಗಂಜಿ ಹಾಕಿ, ಪುಸ್ತಕದಂತೆ ಮಡಿಚಿ, ಇದ್ದಿಲಪುಡಿ ಮತ್ತು ಅಂಟು ಕಲಸಿ ಬಳಿದರೆ ಕಡತ ಸಿದ್ಧ. ಬಳಪದಿಂದ ಬರೆದು ಒದ್ದೆಬಟ್ಟೆಯಲ್ಲಿ ಒರೆಸಿದರಾಯಿತು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಈ ಕ್ರಮವನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ.

ಹಾಗೆಂದು ಎಲ್ಲವನ್ನೂ ಹಾಡಿ ಹೊಗಳಬೇಕಾಗಿಲ್ಲ. ಹಳೆಯ ಕಾವ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಅರ್ಥ ಅನೇಕ ವೇಳೆ ಕಲಿಸುವವರಿಗೂ ಗೊತ್ತಿರುತ್ತಿರಲಿಲ್ಲ. ಕಲೆಕ್ಟರನ ಈ ದೂರಿನಲ್ಲಿ ಹುರುಳಿದೆ.

ಆದರೆ ಕೂಲಿಮಠಗಳು ಸೊರಗಿದ್ದಕ್ಕೆ ಬಾಯಿಪಾಠ ಕಾರಣವಲ್ಲ. ವಿಲಾಯತಿ ಬಟ್ಟೆ ಬಂದು ನೇಕಾರರ ಗಳಿಕೆ ಕುಸಿಯಿತು ಎಂದು ಆತನೇ ಬರೆದಿದ್ದಾನೆ. ಐಗಳ ಜೀವನ ನಡೆಯುತ್ತಿದ್ದುದು ಹೆತ್ತವರು ಕೊಡುವ ಕಾಸಿನಿಂದ. ಹೊಟ್ಟೆಗೇ ಇಲ್ಲದ ಮನೆ ಏನು ಕೊಟ್ಟೀತು? ಕೈಕಾಲು ಬಲಿಯುವ ಮುಂಚೆಯೇ ಮಕ್ಕಳು ದುಡಿಮೆಗೆ ಹೋದರು. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗಲೇ ಶಾಲೆ ಇಲ್ಲವಾಗಿತ್ತು. 533ರಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲ ಎನ್ನಲು ನಾಚಿಕೆಯಾಗುತ್ತದೆ ಎಂದು ಕ್ಯಾಂಪ್‌ಬೆಲ್ ಮೇಲಿನವರಿಗೆ ನೇರವಾಗಿಯೇ ಬರೆದ. ಮನ್ರೋ 1826ರಲ್ಲಿ ತಾಲ್ಲೂಕಿಗೊಂದು ಶಾಲೆಯ ಯೋಜನೆ ಹಾಕಿದ. ಮರುವರ್ಷ, ಈಗ ಆಂಧ್ರದಲ್ಲಿರುವ ಪತ್ತಿಕೊಂಡದಲ್ಲಿ ಕಾಲರಾ ಬಡಿದು ತೀರಿಕೊಂಡ.